ಮಗಳಿಗೆ ಜೀಪು ಕಲಿಸಿದ ಕತೆ

ನಮ್ಮ ಮನೆಯಿಂದ ಡಾಮರು ಮಾರ್ಗಕ್ಕೆ ಮುಕ್ಕಾಲು ಕಿಲೋಮೀಟರು. ಅಷ್ಟರಲ್ಲೇ ಎರಡು ತಿರುವು, ಒಂದು ಮೋರಿ, ಒಂದು ಕಡಿದಾದ ಏರು. ಗೊಬ್ಬರ ಬರುವುದಿದ್ದರೂ, ಅಡಿಕೆ ಹೋಗುವುದಿದ್ದರೂ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೂ ಹಳೆ ಜೀಪೇ ಗತಿ. ಓಡಿಸುವವನು ನಾನೊಬ್ಬನೇ. ಬೆನ್ನು ಹಿಡಿದು ಹತ್ತು ದಿನ ಮಲಗಿದಾಗ ಇದರ ಕಷ್ಟ ಗೊತ್ತಾಯಿತು.

ಮಗಳು ಹದಿನಾರಕ್ಕೇ ಕೇಳಿದ್ದಳು, "ಅಪ್ಪಾ, ಕಲಿಸಿಕೊಡು." ಆಗ ಬೇಡ ಎಂದೆ. ನಾನು ಕಲಿತದ್ದು ಹದಿನಾಲ್ಕಕ್ಕೆ, ಲೈಸನ್ಸು ಇಲ್ಲದೆ. ಅದನ್ನು ಆಕೆ ಬಿಡದೆ ನೆನಪಿಸಿದಳು. ಆದರೆ ಆಗ ನಮ್ಮ ಮಾರ್ಗದಲ್ಲಿ ದಿನಕ್ಕೆ ನಾಲ್ಕು ಬಸ್ಸು ಹೋದರೆ ಹೆಚ್ಚು. ಕಾನೂನೂ ಈಗ ಬೇರೆ. 2019ರ ತಿದ್ದುಪಡಿಯ ನಂತರ, ಹದಿನೆಂಟು ತುಂಬದ ಮಕ್ಕಳು ಓಡಿಸಿ ತಪ್ಪು ಮಾಡಿದರೆ ಹೆತ್ತವರು ಅಥವಾ ವಾಹನದ ಮಾಲಿಕ ತಪ್ಪಿತಸ್ಥ. 25,000 ರೂಪಾಯಿ ದಂಡ, ಮೂರು ವರ್ಷದ ವರೆಗೆ ಜೈಲು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ ಇಪ್ಪತ್ತೈದು ತುಂಬುವ ವರೆಗೆ ಲೈಸನ್ಸು ಇಲ್ಲ. ಯಾರಿಗಾದರೂ ಪೆಟ್ಟಾದರೆ ವಿಮಾ ಕಂಪೆನಿ ಅವರಿಗೆ ಕೊಟ್ಟ ಹಣವನ್ನು ನಮ್ಮಿಂದ ವಸೂಲು ಮಾಡಬಹುದು. ಎರಡೆಕ್ರೆ ತೋಟದವನು ಎಲ್ಲಿಂದ ಕೊಡುವುದು? ತೋಟವೇ ಹೋಗಬೇಕು.

ಪಿಯುಸಿ ಪರೀಕ್ಷೆ ಮುಗಿಯುವಾಗ ಹದಿನೆಂಟು ತುಂಬಿತು. ಕಲಿಕಾ ಲೈಸನ್ಸು ಮಾಡಿಸಿದೆವು. ಅದಕ್ಕೆ ಆರು ತಿಂಗಳು ಆಯುಸ್ಸು, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಎದುರೂ ಹಿಂದೂ ಕೆಂಪು 'ಎಲ್' ಬೋರ್ಡು. ಪಕ್ಕದಲ್ಲಿ ಲೈಸನ್ಸು ಇದ್ದವರು ಕೂರಬೇಕು, ಅದೂ ಬೇಕೆಂದಾಗ ವಾಹನ ನಿಲ್ಲಿಸಲು ಆಗುವ ಹಾಗೆ. ನಮ್ಮ ಜೀಪಿನಲ್ಲಿ ಹ್ಯಾಂಡ್‌ಬ್ರೇಕು ನನ್ನ ಕೈಗೆ ಎಟುಕುತ್ತದೆ, ಅದೊಂದು ಧೈರ್ಯ.

ಅಡಿಕೆ ಒಣಗಿ ಅಂಗಳ ಖಾಲಿಯಾಗಿತ್ತು. ಮೊದಲ ವಾರ ಅಲ್ಲೇ ಸುತ್ತು. ಸ್ಟಾರ್ಟು ಮಾಡುವ ಮೊದಲು ಜೀಪಿಗೆ ಒಂದು ಪ್ರದಕ್ಷಿಣೆ ಬರಬೇಕೆಂದು ಕಡ್ಡಾಯ ಮಾಡಿದೆ. ಟಯರು ನೋಡಲಿಕ್ಕೂ ಆಯಿತು, ಹಿಂದೆ ಯಾರಿದ್ದಾರೆ ಎಂದು ನೋಡಲಿಕ್ಕೂ ಆಯಿತು. ಕೆಲಸದವರ ಸಣ್ಣ ಮಕ್ಕಳು ಜೀಪಿನ ನೆರಳಲ್ಲಿ ಆಡುತ್ತಾ ಕೂತಿರುತ್ತಾರೆ. ಕನ್ನಡಿಯಲ್ಲಿ ಅವರು ಕಾಣುವುದಿಲ್ಲ.

ವೇಗ ಎಂದರೇನು ಎಂದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ತೋಟಕ್ಕೆ ಕರಕೊಂಡು ಹೋದೆ. ನಮ್ಮ ಅಡಿಕೆ ಮರಗಳ ಅಂತರ ಒಂಬತ್ತು ಅಡಿ. ನಲವತ್ತರ ವೇಗದಲ್ಲಿ ಜೀಪು ಒಂದು ಸೆಕೆಂಡಿಗೆ ಹನ್ನೊಂದು ಮೀಟರು, ಅಂದರೆ ನಾಲ್ಕು ಮರ ದಾಟುತ್ತದೆ. ಅರವತ್ತರಲ್ಲಿ ಆರು ಮರ. ದನ ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗುವಾಗಲೇ ಸುಮಾರು ಒಂದು ಸೆಕೆಂಡು ಕಳೆಯಿತು. ಬ್ರೇಕು ಹಿಡಿಯುವುದು ಆಮೇಲೆ. ವೇಗ ಎರಡರಷ್ಟಾದರೆ ಬ್ರೇಕು ಒತ್ತಿದ ಮೇಲೆ ಓಡುವ ದೂರ ನಾಲ್ಕರಷ್ಟು. ಆಕೆ ಮರ ಎಣಿಸುತ್ತಾ ನಡೆದು, ತಿರುಗಿ ನೋಡಿ, "ಇಷ್ಟು ದೂರವಾ!" ಎಂದಳು.

ಕೆಟ್ಟದ್ದು ಆದದ್ದು ಎರಡನೇ ವಾರ, ಏರಿನಲ್ಲಿ. ಅರ್ಧ ಹತ್ತಿದಾಗ ಎಂಜಿನು ನಿಂತಿತು. ಜೀಪು ಹಿಂದಕ್ಕೆ ಜಾರತೊಡಗಿತು. ನಾನು "ಬ್ರೇಕು! ಕ್ಲಚ್ಚು! ಅಲ್ಲ, ಅದಲ್ಲ!" ಎಂದು ಬೊಬ್ಬೆ ಹಾಕಿದೆ. ಆಕೆಗೆ ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ನಾನು ಹ್ಯಾಂಡ್‌ಬ್ರೇಕು ಎಳೆಯುವಾಗ ಹಿಂದಿನ ಚಕ್ರ ಕಣಿಗೆ ಇಳಿದಿತ್ತು. ಇನ್ನೊಂದು ಬದಿಗೆ ಹೋಗಿದ್ದರೆ ಹತ್ತಡಿ ಕೆಳಗೆ ತೋಡು. ಮಗಳು ಮಾತಾಡದೆ ಇಳಿದು ಮನೆಗೆ ನಡೆದಳು. ರಾತ್ರಿ ಊಟದ ಹೊತ್ತಿಗೆ ಹೇಳಿದಳು, "ಅಪ್ಪಾ, ನೀನು ಬೊಬ್ಬೆ ಹಾಕಿದ್ರೆ ನಂಗೆ ಗೊತ್ತಿದ್ದದ್ದೂ ಮರೆತುಹೋಗ್ತದೆ." ಇವಳೂ ಅವಳ ಕಡೆಗೇ. ನನ್ನಲ್ಲಿ ಉತ್ತರ ಇರಲಿಲ್ಲ.

ಮರುದಿನ ಒಂದು ಒಪ್ಪಂದವಾಯಿತು. ಗಡಿಬಿಡಿಯಲ್ಲಿ ನಾನು ಹೇಳುವುದು 'ನಿಲ್ಲು' ಎಂಬ ಒಂದೇ ಮಾತು. ಉಳಿದದ್ದು ಜೀಪು ನಿಂತ ಮೇಲೆ. ಏರಿಗೆ ಬೇರೆ ಪಾಠ ಮಾಡಿದೆ. ಮೊದಲು ಸಣ್ಣ ಏರು ಆರಿಸಿಕೊಂಡು, ಹಿಂದಿನ ಚಕ್ರದಿಂದ ಒಂದು ಗೇಣು ಬಿಟ್ಟು ಖಾಲಿ ತಗಡಿನ ಡಬ್ಬಿ ಇಟ್ಟೆ. ಹ್ಯಾಂಡ್‌ಬ್ರೇಕಿನಲ್ಲಿ ನಿಲ್ಲಿಸಿ, ಕ್ಲಚ್ಚು ಹಿಡಿಯುವುದು ಗೊತ್ತಾದ ಮೇಲೆ ಬ್ರೇಕು ಬಿಟ್ಟು ಮುಂದೆ ಹೋಗಬೇಕು. ಡಬ್ಬಿ ಅಪ್ಪಚ್ಚಿಯಾದರೆ ಫೇಲು. ಮೂರು ಡಬ್ಬಿ ಹೋಯಿತು. ನಾಲ್ಕನೆಯದು ಈಗಲೂ ಜೀಪಿನಲ್ಲಿದೆ, ಅದರಲ್ಲಿ ಸ್ಪ್ಯಾನರು ಇಟ್ಟಿದ್ದಾಳೆ.

ಇಳಿಜಾರಿನ ಪಾಠ ನನಗೇ ತಿರುಗಿತು. ಡೀಸೆಲು ಉಳಿಯುತ್ತದೆ ಎಂದು ನಾನು ನ್ಯೂಟ್ರಲಿನಲ್ಲಿ ಇಳಿಯುತ್ತಿದ್ದೆ. ನಮ್ಮಲ್ಲಿ ಹೆಚ್ಚಿನವರೂ ಹಾಗೆಯೇ. ಆಗ ಪೂರ್ತಿ ಭಾರ ಬ್ರೇಕಿನ ಮೇಲೆ. ಉದ್ದ ಇಳಿಜಾರಿನಲ್ಲಿ ಬ್ರೇಕು ಕಾದರೆ ಹಿಡಿತ ಕಡಿಮೆ. ಹತ್ತಲು ಯಾವ ಗಿಯರು ಬೇಕೋ ಅದೇ ಗಿಯರಿನಲ್ಲಿ ಇಳಿ ಎಂದು ಆಕೆಗೆ ಹೇಳಿದ ಮೇಲೆ, ನಾನೂ ಹಾಗೆ ಮಾಡಬೇಕಾಯಿತು. ಸೀಟುಬೆಲ್ಟಿನ ಸಂಗತಿಯೂ ಇದೇ. "ನೀನು ಹಾಕುವುದು ಪೊಲೀಸರು ಕಂಡಾಗ ಮಾತ್ರ" ಎಂದಳು. ಫೋನು ಬಂದಾಗ ಒಂದು ಕೈಯಲ್ಲಿ ಓಡಿಸುವುದನ್ನೂ ಅವಳು ಎಷ್ಟೋ ವರ್ಷದಿಂದ ಪಕ್ಕದಲ್ಲಿ ಕೂತು ನೋಡಿದ್ದಾಳಲ್ಲ!

ಅಗಲ ಕಿರಿದಾದ ಏರಿನಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕು ಎಂಬ ನಿಯಮ ಹೇಳಿಕೊಟ್ಟೆ. ಎದುರಿನವನು ಅದನ್ನು ಪಾಲಿಸುತ್ತಾನೆ ಎಂದು ನಂಬಬೇಡ ಎಂದೂ ಹೇಳಿದೆ. ಮೊದಲ ಮಳೆಗೆ ಡಾಮರಿನ ಮೇಲಿನ ಧೂಳು, ಎಣ್ಣೆ ಸೇರಿ ಸಾಬೂನು ಹಾಕಿದ ಹಾಗಾಗುತ್ತದೆ. ಆ ದಿನ ಬೇಕೆಂದೇ ಕರಕೊಂಡು ಹೋಗಿ ಇಪ್ಪತ್ತರ ವೇಗದಲ್ಲಿ ಓಡಿಸಿದೆ. ಹಿಂದಿನಿಂದ ಬಸ್ಸಿನವನು ಹಾರ್ನು ಹಾಕಿದ. ಹಾಕಲಿ. ಗ್ಯಾಸ್ ಟ್ಯಾಂಕರುಗಳು ಸಾಲಾಗಿ ಬರುವ ಮಂಗಳೂರು–ಬೆಂಗಳೂರು ಹೆದ್ದಾರಿಗೆ ಮಾತ್ರ ಲೈಸನ್ಸು ಬಂದು ಮೂರು ತಿಂಗಳ ವರೆಗೆ ಬಿಡಲಿಲ್ಲ. ರಾತ್ರಿಯ ಓಡಾಟ ಅದಕ್ಕೂ ನಂತರ.

ಮೊನ್ನೆ ಮೊದಲ ಸಲ ಒಬ್ಬಳೇ ಹಾಲಿನ ಸೊಸೈಟಿಗೆ ಹೋದಳು. ನಾನು ತೋಟದಲ್ಲಿ ಸೋಗೆ ಹೆಕ್ಕುವ ನೆಪದಲ್ಲಿ ಏರಿನ ಕೆಳಗೆ ನಿಂತಿದ್ದೆ. ಎರಡನೇ ಗಿಯರಿಗೆ ಬಿದ್ದ ಸದ್ದು ಕೇಳಿತು, ಹತ್ತಿತು. ಬರುವಾಗ ಎರಡು ಗೋಣಿ ಹಿಂಡಿಯೂ ತಂದಿದ್ದಳು. ನಾನು ಹೇಳಿರಲಿಲ್ಲ.

ಈಗ ಮಗನಿಗೆ ಹದಿನೈದು. "ಅಂಗಳದಲ್ಲಿ ಒಂದೇ ಸುತ್ತು" ಎಂದು ಶುರು ಮಾಡಿದ್ದಾನೆ. ಕೀಯನ್ನು ಅವನಕ್ಕ ಅಕ್ಕಿ ಡಬ್ಬಿಯಲ್ಲಿ ಅಡಗಿಸಿಡುತ್ತಾಳೆ.