ಸಾಧಾರಣ ಕಾರಿನ ಎಂಜಿನ್ನಿಗೆ ಹೆಚ್ಚುವರಿ ಬಲ: ನೈಟ್ರಸ್ ಸಿಲಿಂಡರೋ, ಟರ್ಬೊ ಚಾರ್ಜರೋ?

ಮೋಟಾರು ಬಿಡಿಭಾಗಗಳ ವ್ಯಾಪಾರ ಹಾಗೂ ಎಂಜಿನ್ ದುರಸ್ತಿಯಲ್ಲಿ ತೊಡಗಿರುವವರ ಬಳಿಗೆ ಆಗಾಗ ಒಂದು ವಿಶಿಷ್ಟ ಬೇಡಿಕೆ ಬರುವುದುಂಟು. ಸ್ಪರ್ಧೆಯಲ್ಲಿ ಓಡಿಸಲೆಂದು ಹಳೆಯ ಕಾರೊಂದನ್ನು ಕೊಂಡ ಗಿರಾಕಿಯು, ಎಂಜಿನ್ ಬಿಚ್ಚದೆಯೇ ಅದರ ಬಲವನ್ನು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿಸಿಕೊಡಲು ಸಾಧ್ಯವೇ ಎಂದು ಕೇಳುತ್ತಾನೆ. 1.3 ಲೀಟರಿನ, 85 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನೈಟ್ರಸ್ ಆಕ್ಸೈಡ್ ಅನಿಲ ಮತ್ತು ಟರ್ಬೊ ಚಾರ್ಜರ್, ಈ ಎರಡರಲ್ಲಿ ಯಾವುದು ಹೆಚ್ಚು ಬಲ ಕೊಡುತ್ತದೆ ಎಂಬುದು ಅವನ ಪ್ರಶ್ನೆ. ಕೆಲಸ ಒಪ್ಪಿಕೊಳ್ಳುವ ಗ್ಯಾರೇಜಿನವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಎಂಜಿನ್ ಕೆಟ್ಟರೆ ಯಾವ ಕಾರಣಕ್ಕೆ ಕೆಡುತ್ತದೆ, ಆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ?

ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಕೊಡುವುದು ಸುಲಭ. ಅದನ್ನು ಉರಿಸುವ ಆಮ್ಲಜನಕ ಒದಗಿಸುವುದೇ ಕಷ್ಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಗಾಳಿಯು ಮಂಗಳೂರಿನ ಗಾಳಿಗಿಂತ ಶೇಕಡ 10ರಷ್ಟು ತೆಳು. ಅಂದರೆ 85 ಅಶ್ವಶಕ್ತಿಯೆಂದು ಪುಸ್ತಕದಲ್ಲಿ ಅಚ್ಚಾದ ಎಂಜಿನ್ ಇಲ್ಲಿ 77ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಕೊರತೆಯನ್ನು ಎರಡೂ ವಿಧಾನಗಳು ಬೇರೆ ಬೇರೆ ಬಗೆಯಲ್ಲಿ ತುಂಬುತ್ತವೆ.

ಸಿಲಿಂಡರಿನ ದಾರಿ

ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ಶೇಕಡ 23 ಆಗಿದ್ದರೆ ನೈಟ್ರಸ್ ಆಕ್ಸೈಡಿನಲ್ಲಿ ಅದು ಶೇಕಡ 36. ಎಂಜಿನ್ನಿನೊಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅನಿಲ ಒಡೆದು ಆಮ್ಲಜನಕ ಬಿಡುಗಡೆಯಾಗುತ್ತದೆ. ದ್ರವರೂಪದಲ್ಲಿ ಬಂದು ಆವಿಯಾಗುವಾಗ ಅದು ಒಳಹೋಗುವ ಗಾಳಿಯನ್ನೂ ತಂಪುಗೊಳಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಜಿಎಂ-1 ಎಂಬ ಹೆಸರಿನಲ್ಲಿ ಇದನ್ನು ಎತ್ತರದಲ್ಲಿ ಹಾರುವ ವಿಮಾನಗಳಿಗೆ ಬಳಸಿದ್ದರು.

ಸಿಲಿಂಡರ್, ಕೊಳವೆ, ಎರಡು ಸೊಲೆನಾಯ್ಡ್ ಕವಾಟ, ಜೆಟ್, ಸ್ವಿಚ್ಚು. ಒಂದು ದಿನದಲ್ಲಿ ಜೋಡಿಸಬಹುದಾದ ಸಾಮಗ್ರಿ. ಸ್ವಿಚ್ಚು ಒತ್ತದಿದ್ದಾಗ ಎಂಜಿನ್ ಎಂದಿನಂತೆಯೇ ಓಡುತ್ತದೆ. ಅಮೆರಿಕದ ಸ್ಟಾಕ್ ಕಾರ್ ಪಂದ್ಯಗಳಲ್ಲಿ ಇದು ಪ್ರಲೋಭನೆಯಾದದ್ದೂ ಇದೇ ಕಾರಣಕ್ಕೆ. 1976ರ ಡೇಟೋನಾ 500 ಪಂದ್ಯದ ಅರ್ಹತಾ ಸುತ್ತಿನಲ್ಲಿ ಖ್ಯಾತ ಚಾಲಕರ ಸಮಯಗಳನ್ನು ಈ ಅನಿಲದ ಸಂಬಂಧ ರದ್ದುಪಡಿಸಲಾಯಿತು.

ಬಳಕೆಯ ಲೆಕ್ಕ ಹೀಗಿದೆ. ಹೆಚ್ಚುವರಿ 100 ಅಶ್ವಶಕ್ತಿಗೆ 10 ಸೆಕೆಂಡಿಗೆ ಸುಮಾರು 0.36 ಕಿಲೋ ಅನಿಲ ಬೇಕು. ಹೊರದೇಶಗಳಲ್ಲಿ ಸಾಮಾನ್ಯವಾದ 4.5 ಕಿಲೋ ಸಿಲಿಂಡರ್, 30 ಅಶ್ವಶಕ್ತಿಯ ಲೆಕ್ಕದಲ್ಲಿ, ಆರೇಳು ನಿಮಿಷಕ್ಕೆ ಮುಗಿಯುತ್ತದೆ. 400 ಮೀಟರಿನ ನೇರ ಓಟಗಳಾದರೆ ಇಪ್ಪತ್ತು ಸಲ. ಘಟ್ಟದ ರಸ್ತೆಯ ರ‍್ಯಾಲಿಗೆ ಏನೂ ಸಾಲದು.

ಅಪಾಯವಿರುವುದು ಇಂಧನದಲ್ಲಿ. ಅನಿಲದ ಜೊತೆಗೆ ಹೆಚ್ಚುವರಿ ಪೆಟ್ರೋಲ್ ತಪ್ಪದೆ ಹೋಗಬೇಕು. ಪಂಪು ದುರ್ಬಲವಾಗಿದ್ದರೆ, ಫಿಲ್ಟರಿನಲ್ಲಿ ಕಸ ಕಟ್ಟಿದ್ದರೆ, ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ನಿನ ತಲೆ ಕರಗುತ್ತದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಸ್ವಿಚ್ಚು ಒತ್ತಿದರೆ ಅಷ್ಟೂ ಬಲ ಒಮ್ಮೆಲೇ ಬಿದ್ದು ಕನೆಕ್ಟಿಂಗ್ ರಾಡ್ ಬಾಗಬಹುದು. ಆದುದರಿಂದ ಥ್ರಾಟಲ್ ಪೂರ್ತಿ ತೆರೆದು, ನಿಮಿಷಕ್ಕೆ 3,000 ಸುತ್ತು ದಾಟಿದ ಮೇಲಷ್ಟೇ ಅನಿಲ ಬಿಡುವಂತೆ ಸ್ವಿಚ್ಚು ಕಟ್ಟುವುದು ರೂಢಿ.

ನಮ್ಮ ನಾಡಿನ ಬಿಸಿಲು ಇನ್ನೊಂದು ತೊಡಕು. ಈ ಅನಿಲದ ಸಂದಿಗ್ಧ ತಾಪಮಾನ 36.4 ಡಿಗ್ರಿ, ಅದರ ಮೇಲೆ ಅದು ದ್ರವವಾಗಿ ಉಳಿಯದು. 20 ಡಿಗ್ರಿಯಲ್ಲಿ ಸಿಲಿಂಡರಿನ ಒತ್ತಡ ಸುಮಾರು 50 ಬಾರ್. 36 ಡಿಗ್ರಿಯ ಹೊತ್ತಿಗೆ 70 ದಾಟುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ಕಲಬುರಗಿ, ರಾಯಚೂರುಗಳಲ್ಲಿ ಡಿಕ್ಕಿಯೊಳಗಿನ ಸಿಲಿಂಡರಿನ ಸ್ಥಿತಿಯನ್ನು ಊಹಿಸಬಹುದು. ಬೆಳಿಗ್ಗೆ ಸರಿಹೊಂದಿಸಿದ ಜೆಟ್ಟು ಮಧ್ಯಾಹ್ನದ ಹೊತ್ತಿಗೆ ಬೇರೆಯೇ ಪ್ರಮಾಣದಲ್ಲಿ ಅನಿಲ ಬಿಡುತ್ತದೆ, ಪೆಟ್ರೋಲ್ ಮಾತ್ರ ಹಿಂದಿನಷ್ಟೇ ಬರುತ್ತದೆ.

ಟರ್ಬೊ ದಾರಿ

ಹೊರಹೋಗುವ ಹೊಗೆಯ ಬಲದಿಂದಲೇ ಚಕ್ರ ತಿರುಗಿಸಿ ಒಳಗಾಳಿಯನ್ನು ಒತ್ತುವ ಈ ಉಪಕರಣದ ಮೂಲ 1905ರಷ್ಟು ಹಳೆಯದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಆ ವರ್ಷ ಪೇಟೆಂಟ್ ಪಡೆದರು. ಮೂಲ ಪಿಸ್ಟನ್‌ಗಳನ್ನು ಉಳಿಸಿಕೊಂಡ ಸಾಧಾರಣ ಎಂಜಿನ್ನಿನಲ್ಲಿ 0.4 ಬಾರ್ ಒತ್ತಡ, ಇಂಟರ್‌ಕೂಲರಿನ ಸಹಾಯದೊಂದಿಗೆ, ಮೂರನೆಯ ಒಂದು ಪಾಲಿನ ಆಸುಪಾಸಿನ ಬಲ ತರುತ್ತದೆ. ಎತ್ತರದ ಊರಿನ ನಷ್ಟವನ್ನೂ ಬಹುಮಟ್ಟಿಗೆ ತುಂಬುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವವರೆಗೆ ಬಲವೂ ಇರುತ್ತದೆ.

ತುಂಬಿಸಬೇಕಾದ ಪ್ರತ್ಯೇಕ ತೊಟ್ಟಿ ಇಲ್ಲದಿರುವುದು ಎಷ್ಟು ದೊಡ್ಡ ಅನುಕೂಲವೆಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಸಂಸ್ಥೆ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಿತು. 3.5 ಲೀಟರ್, 215 ಅಶ್ವಶಕ್ತಿ. ಎಂಜಿನ್ನಿನ ಸಂಪೀಡನ ಅನುಪಾತ 10.25 ಇದ್ದುದರಿಂದ ಟರ್ಬೊ ಒತ್ತಡಕ್ಕೆ ನಾಕಿಂಗ್ ಬರುತ್ತಿತ್ತು. ಅದನ್ನು ತಡೆಯಲು ನೀರು-ಮೆಥನಾಲ್ ಮಿಶ್ರಣದ ಒಂದು ತೊಟ್ಟಿಯನ್ನಿಟ್ಟರು. ಮಾಲೀಕರು ಅದನ್ನು ತುಂಬಿಸಲು ಮರೆತರು. ಎರಡೇ ವರ್ಷಗಳಲ್ಲಿ, ಹತ್ತು ಸಾವಿರ ಕಾರುಗಳೂ ತಯಾರಾಗುವ ಮೊದಲೇ, ಮಾದರಿ ನಿಂತಿತು; ಅನೇಕ ಕಾರುಗಳ ಟರ್ಬೊ ಕಳಚಿ ಸಾಧಾರಣ ಕಾರ್ಬ್ಯುರೇಟರ್ ಜೋಡಿಸಿಕೊಡಬೇಕಾಯಿತು.

ಟರ್ಬೊ ಅಳವಡಿಕೆ ಅಗ್ಗವಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಫ್ಲ್ಯಾಂಜ್, ಎಣ್ಣೆ ಹೋಗುವ ಮತ್ತು ಮರಳುವ ಕೊಳವೆ, ಇಂಟರ್‌ಕೂಲರ್, ಅದರ ಪೈಪುಗಳು, ಬ್ರ್ಯಾಕೆಟ್‌ಗಳು, ದೊಡ್ಡ ಇಂಜೆಕ್ಟರ್, ಇಸಿಯು ಹೊಂದಾಣಿಕೆ. ಆದರೆ ಈ ಪಟ್ಟಿಯ ಬಹುಭಾಗ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಲೇತ್ ಮತ್ತು ವೆಲ್ಡಿಂಗ್ ಘಟಕಗಳ ಕೈಯಳತೆಯದೇ. ಗಿರಾಕಿ ಕೊಟ್ಟ ಹಣದ ದೊಡ್ಡ ಪಾಲು ಇಲ್ಲಿನ ಕೂಲಿಯಾಗಿ ಉಳಿಯುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊವನ್ನು ಮಾತ್ರ ಕೊಂಡೇ ತರಬೇಕು. ಡೀಸೆಲ್ ಕಾರಿನ ಹಳೆಯ ಟರ್ಬೊ ಸೋವಿಯಾಗಿ ಸಿಗುತ್ತದೆಂದು ಪೆಟ್ರೋಲ್ ಎಂಜಿನ್ನಿಗೆ ಕಟ್ಟುವವರಿದ್ದಾರೆ. ಪೆಟ್ರೋಲ್ ಎಂಜಿನ್ನಿನ ಹೊಗೆ ಡೀಸೆಲಿನದಕ್ಕಿಂತ ಹೆಚ್ಚು ಬಿಸಿ. ಆ ಶಾಖಕ್ಕೆ ಎಲ್ಲ ಡೀಸೆಲ್ ಟರ್ಬೊಗಳೂ ತಡೆಯುವುದಿಲ್ಲ.

ಎಂಜಿನ್ನಿನ ಮಿತಿ ಎರಡಕ್ಕೂ ಒಂದೇ: ಮೂಲ ಪಿಸ್ಟನ್ ಮತ್ತು ರಾಡ್. ವ್ಯತ್ಯಾಸವಿರುವುದು ಕೆಡುವ ರೀತಿಯಲ್ಲಿ. ನಾಕಿಂಗಿನ ಸದ್ದು, ಎಣ್ಣೆಯ ಹೊಗೆ, ಏರಿದ ಶಾಖ ಇವುಗಳಿಂದ ಟರ್ಬೊ ಬಹುಪಾಲು ಮುನ್ಸೂಚನೆ ಕೊಡುತ್ತದೆ. ನೈಟ್ರಸ್ ಕೊಡುವ ಕಾಲಾವಕಾಶ ತೀರ ಕಡಿಮೆ.

ಪರವಾನಗಿ ಮತ್ತು ಕಾನೂನು

ವರ್ಷಕ್ಕೆ ಕೆಲವೇ ನೇರ ಓಟಗಳಲ್ಲಿ ಭಾಗವಹಿಸುವವನಿಗೆ ನೈಟ್ರಸ್ ಸಾಕಾದರೂ ಅದರ ವ್ಯಾಪಾರ ನಿಂತಿರುವುದು ಮರುಪೂರಣದ ಮೇಲೆ. ಸಂಪೀಡಿತ ಅನಿಲ ತುಂಬಲು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಪೆಸೊ ಸಂಸ್ಥೆಯ ಪರವಾನಗಿ ಬೇಕು. ಸಿಲಿಂಡರ್ ಅನುಮೋದಿತ ಮಾದರಿಯದಾಗಿರಬೇಕು. ಆಸ್ಪತ್ರೆಗಳಿಗೆ ಹೋಗುವ ನೈಟ್ರಸ್ ಔಷಧವೆಂದು ಪರಿಗಣಿತವಾದದ್ದು. ಅದನ್ನು ಗ್ಯಾರೇಜಿಗೆ ತಿರುಗಿಸುವ ವ್ಯವಹಾರಕ್ಕೆ ಯಾವ ವರ್ತಕರೂ ಕೈಹಾಕಬಾರದು.

ಸಾರ್ವಜನಿಕ ರಸ್ತೆಯ ವಿಚಾರದಲ್ಲಿ ಎರಡೂ ಸಮಾನ. ವಾಹನದ ಮೂಲ ವಿವರಗಳನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ರಸ್ತೆಗಾಗಿಯೇ ಬಲ ಬೇಕೆನ್ನುವ ಗಿರಾಕಿಗೆ ಕಾರ್ಖಾನೆಯಲ್ಲೇ ಟರ್ಬೊ ಜೋಡಿಸಿದ ಕಾರನ್ನು ತೋರಿಸುವುದು ಪ್ರಾಮಾಣಿಕ ಸಲಹೆ. 2017ರಲ್ಲಿ ಬಂದ ಮಾರುತಿ ಬಲೆನೊ ಆರ್‌ಎಸ್ ಕೇವಲ 1 ಲೀಟರಿನ ಎಂಜಿನ್ನಿನಿಂದ ಸುಮಾರು 100 ಅಶ್ವಶಕ್ತಿ ಕೊಟ್ಟಿತ್ತು. ಮಾದರಿ ಈಗ ನಿಂತಿದ್ದರೂ ಬಳಸಿದ ಕಾರುಗಳು ಮಾರಾಟಕ್ಕೆ ಬರುತ್ತವೆ.

ಸ್ಪರ್ಧೆಗೆಂದೇ ಮೀಸಲಾದ ಕಾರಿನ ಕೆಲಸ ಒಪ್ಪಿಕೊಳ್ಳುವವರು ಮೊದಲು ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆದು, ಆ ಅಂಕಿಗಳನ್ನು ಬಿಲ್ಲಿನ ಮೇಲೆಯೇ ಬರೆದು ಗಿರಾಕಿಯ ಸಹಿ ಪಡೆಯುವುದು ಲೇಸು. ಟರ್ಬೊ ಆದರೆ ನಿಗದಿಪಡಿಸಿದ ಒತ್ತಡ, ನೈಟ್ರಸ್ ಆದರೆ ಜೆಟ್ಟಿನ ಅಳತೆ, ಇವೂ ಅದೇ ಕಾಗದದಲ್ಲಿರಬೇಕು. ಹೆಚ್ಚಿನ ಬಲದ ಆಸೆಗೆ ಗಿರಾಕಿಯೇ ಅವನ್ನು ಬದಲಿಸಿಕೊಂಡು ಮೂರು ತಿಂಗಳ ಬಳಿಕ ಕರಗಿದ ಪಿಸ್ಟನ್ ಹಿಡಿದು ಬಂದಾಗ, ತೋರಿಸಲು ಗ್ಯಾರೇಜಿನವರ ಬಳಿ ಇರುವ ದಾಖಲೆ ಅದೊಂದೇ.