ಒಂದೇ ವಾಲ್ವ್, 20 ವಾಟ್: ಮನೆಗೂ ಸ್ಟೇಜಿಗೂ ಸಾಕಾ?

ಹೈಬ್ರಿಡ್ ಗಿಟಾರ್ ಆಂಪ್ ಅಂದ್ರೆ ಸಾಮಾನ್ಯವಾಗಿ ಇಷ್ಟೇ: ಮುಂದಿನ ಪ್ರೀ-ಆಂಪ್‌ನಲ್ಲಿ ಒಂದು ಗಾಜಿನ ವಾಲ್ವ್, ಹಿಂದಿನ ಪವರ್ ಆಂಪ್‌ನಲ್ಲಿ ಟ್ರಾನ್ಸಿಸ್ಟರ್. ಪೂರ್ತಿ ವಾಲ್ವ್ ಆಂಪ್‌ಗೆ ಬೇಕಾದ ಆ ಭಾರೀ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲಿಲ್ಲ. ಅದಕ್ಕೇ ತೂಕ ಕಮ್ಮಿ, ಬೆಲೆನೂ ಕಮ್ಮಿ.

ಆರೆಂಜ್ ಕಂಪನಿಯ ಮೈಕ್ರೋ ಟೆರರ್ ನೋಡಿ. ಟಿಫಿನ್ ಡಬ್ಬಿಯಷ್ಟೇ ಇದೆ. ಒಂದು 12ಎಎಕ್ಸ್7 ವಾಲ್ವ್, 20 ವಾಟ್, ಮೂರೇ ನಾಬ್. ಹೆಡ್‌ಫೋನ್ ಹಾಕ್ಕೊಂಡು ನುಡಿಸಿದ್ರೆ ಪಕ್ಕದ ಮನೆಯವರು ಬಾಗಿಲು ಬಡಿಯಲ್ಲ. ಆದ್ರೆ ಇದು ಬರೀ ಹೆಡ್. ಸ್ಪೀಕರ್ ಕ್ಯಾಬಿನೆಟ್ ಬೇರೆ ತಗೋಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡೀರಿ.

ಈಗ ವಾಟ್ ವಿಷಯ. ವಾಟ್ ಎರಡರಷ್ಟಾದ್ರೆ ಸದ್ದು ಎರಡರಷ್ಟಾಗಲ್ಲ, ಬರೀ 3 ಡೆಸಿಬೆಲ್ ಏರುತ್ತೆ. 50ಕ್ಕೂ 100ಕ್ಕೂ ನಡುವೆ ತಲೆ ಕೆಡಿಸ್ಕೊಳ್ಳೋ ಬದಲು ಸ್ಪೀಕರ್ ನೋಡಿ. ಮನೆಗೆ 8 ಇಂಚು ಸಾಕು, ಡ್ರಮ್ಸ್ ಎದುರು ನಿಲ್ಲೋಕೆ 12 ಇಂಚು ಬೇಕು. ಪಿಎ, ಅಂದ್ರೆ ಹಾಲ್‌ಗೆಲ್ಲ ಕೇಳಿಸೋ ಸೌಂಡ್ ಸಿಸ್ಟಮ್, ಇರೋ ಸ್ಟೇಜಲ್ಲಿ ಸ್ಪೀಕರ್ ಮುಂದೆ ಒಂದು ಮೈಕ್ ಇಟ್ರೆ 20 ವಾಟೂ ಹಾಲ್ ತುಂಬುತ್ತೆ. ಪಿಎ ಇಲ್ಲ, ಸದ್ದು ಕ್ಲೀನಾಗೇ ಬೇಕು ಅಂದ್ರೆ, 50ಕ್ಕಿಂತ ಕೆಳಗೆ ನಾನಂತೂ ಇಳಿಯಲ್ಲ.

ಕ್ಯಾಬಿನೆಟ್ ಜೋಡಿಸೋ ಮುಂಚೆ ಆಂಪ್ ಹಿಂದೆ ಬರೆದಿರೋ ಕನಿಷ್ಠ ಓಮ್ ಓದಿ. ಅದಕ್ಕಿಂತ ಕಡಿಮೆ ಓಮ್‌ನದ್ದು ಹಾಕಿದ್ರೆ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ವಾಲ್ವ್ ಹಳೇದಾದ್ರೆ ಚಿಂತೆಯಿಲ್ಲ: ಪ್ಲಗ್ ತೆಗೆದು, ಆರೋಕೆ ಬಿಟ್ಟು, ಹೊಸದು ಸಿಕ್ಕಿಸಿ. ಇದು ಪ್ರೀ-ಆಂಪ್ ವಾಲ್ವ್, ಹಾಗಾಗಿ ಬಯಾಸ್ (ವಾಲ್ವ್‌ನ ಕರೆಂಟ್ ಹೊಂದಾಣಿಕೆ) ಸೆಟ್ ಮಾಡಿಸೋ ಗೋಜಿಲ್ಲ.