ಸೋವಿಯತ್ ಹಾಕಿಪಟುಗಳ ಹಿರಿಮೆಯ ಅಳತೆ

ಸೋವಿಯತ್ ಒಕ್ಕೂಟದ ಐಸ್ ಹಾಕಿ ಆಟಗಾರರನ್ನು ಪಾಶ್ಚಾತ್ಯರೊಂದಿಗೆ ಹೋಲಿಸುವುದು ಕಷ್ಟವಾಗುವುದು, ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆಡಲು ಅವರಿಗೆ 1980ರ ದಶಕದ ಕೊನೆಯವರೆಗೂ ಸರ್ಕಾರದ ಅನುಮತಿ ಸಿಗದಿದ್ದುದರಿಂದ. ಒಲಿಂಪಿಕ್ ಪದಕಗಳೂ ಪೂರ್ಣ ಸಾಕ್ಷ್ಯವಲ್ಲ. ಹೆಸರಿಗೆ ಹವ್ಯಾಸಿಗಳಾಗಿದ್ದರೂ ಸೇನೆಯ ಕ್ಲಬ್ಬಾದ ಸಿಎಸ್‌ಕೆಎಯಂಥ ತಂಡಗಳಲ್ಲಿ ವರ್ಷದ ಬಹುಪಾಲು ಅಭ್ಯಾಸದಲ್ಲೇ ಇರುತ್ತಿದ್ದ ಅವರೆದುರು, ಅಲ್ಲಿ ಕೆನಡಾದ ಶ್ರೇಷ್ಠ ವೃತ್ತಿಪರರು ಇಳಿಯುತ್ತಿರಲಿಲ್ಲ.

ಆದ್ದರಿಂದ ನೇರ ಮುಖಾಮುಖಿಗಳಿಗೇ ಹೆಚ್ಚು ತೂಕ ಸಲ್ಲಬೇಕು. 1972ರ ಎಂಟು ಪಂದ್ಯಗಳ ಸರಣಿಯಲ್ಲಿ ಕೆನಡಾ ನಾಲ್ಕನ್ನು, ಸೋವಿಯತ್ ಮೂರನ್ನು ಗೆದ್ದವಾದರೂ, ಆರನೆಯ ಪಂದ್ಯದಲ್ಲಿ ಕೆನಡಾದ ಬಾಬಿ ಕ್ಲಾರ್ಕ್ ತಮ್ಮ ಹಾಕಿ ಕೋಲಿನಿಂದ ಸೋವಿಯತ್ ತಂಡದ ಪ್ರಮುಖ ಆಟಗಾರ ವಲೇರಿ ಖಾರ್ಲಮೋವ್ ಅವರ ಕಣಕಾಲಿಗೆ ಹೊಡೆದದ್ದನ್ನು ಮರೆತು ಆ ಫಲಿತಾಂಶವನ್ನು ಓದುವುದು ಅನ್ಯಾಯ. ಮೊಣಕಾಲಿನ ತೊಂದರೆಯಿಂದ ಬಾಬಿ ಓರ್ ಅವರಿಗೆ ಕೆನಡಾ ಪರ ಆಡಲಾಗಲಿಲ್ಲವೆಂಬುದೂ ಅಷ್ಟೇ ನಿಜ. 1981ರ ಕೆನಡಾ ಕಪ್ ಫೈನಲ್‌ನಲ್ಲಂತೂ ವೇಯ್ನ್ ಗ್ರೆಟ್ಸ್ಕಿ ಇದ್ದ ಕೆನಡಾ 8–1ರಿಂದ ಸೋತಿತು. ಆ ದಿನ ಸೋವಿಯತ್ ಗೋಲು ಕಾದ ವ್ಲಾದಿಸ್ಲಾವ್ ತ್ರೆತ್ಯಾಕ್, ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದೆಯೇ, 1989ರಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದರು. 31ನೇ ವಯಸ್ಸಿನಲ್ಲಿ ಎನ್‌ಎಚ್‌ಎಲ್‌ನ ಕ್ಯಾಲ್ಗರಿ ತಂಡ ಸೇರಿದ ಸೆರ್ಗೆಯ್ ಮಕರೋವ್ ಮೊದಲ ಋತುವಿನಲ್ಲೇ ಅತ್ಯುತ್ತಮ ಹೊಸ ಆಟಗಾರನಿಗೆ ಮೀಸಲಾದ ಕಾಲ್ಡರ್ ಟ್ರೋಫಿ ಪಡೆದಾಗ, ಆ ಪ್ರಶಸ್ತಿಗೆ ವಯೋಮಿತಿಯನ್ನೇ ವಿಧಿಸಬೇಕಾಯಿತು.